ಉತಾರ ಐದು ನಿಮಿಷಕ್ಕೆ, ವಾರಸಾ ಯಾವಾಗ?

ಪ್ರಶ್ನೆ: ಭೂಮಿ ಬಂತು, ಸಕಾಲ ಬಂತು, ನಾಡಕಚೇರಿ, ಸೇವಾಸಿಂಧು, ಗ್ರಾಮ ಒನ್ ಎಲ್ಲಾ ಬಂದವು. ಆಡಳಿತ ಸುಧಾರಣಾ ಆಯೋಗದ ಸುದ್ದಿಯನ್ನೂ ಆಗಾಗ ಪೇಪರಿನಲ್ಲಿ ಓದುತ್ತೇನೆ. ಆದರೂ ನಮ್ಮ ಕಡೆ ತೀರಿಹೋದ ಅಪ್ಪನ ಹೆಸರು ತೆಗೆಸಿ ಮಕ್ಕಳ ಹೆಸರು ಹಚ್ಚಿಸಲು ಕಚೇರಿಗೆ ಅಡ್ಡಾಡುವುದು ತಪ್ಪಿಲ್ಲ. ಸರ್ಕಾರಕ್ಕೆ ಹತ್ತು ವರ್ಷಕ್ಕೊಮ್ಮೆ ಈ ಸುಧಾರಣೆಯ ಹುಮ್ಮಸ್ಸು ಯಾಕೆ ಬರುತ್ತದೆ? ಮುಂದೆ ಇದು ಎತ್ತ ಹೊರಟಿದೆ?
— ಓದುಗರೊಬ್ಬರು, ಜಮಖಂಡಿ

ಉತ್ತರ: ಅಡ್ಡಾಡುವುದು ತಪ್ಪಿಲ್ಲ ಎಂದಿದ್ದೀರಿ. ಯಾವ ಕೆಲಸಕ್ಕೆ ತಪ್ಪಿದೆ, ಯಾವುದಕ್ಕೆ ತಪ್ಪಿಲ್ಲ ಎಂದು ಮೊದಲು ಬಿಡಿಸಿ ನೋಡೋಣ.

ಹೊಲದ ಉತಾರದ, ಅಂದರೆ ಪಹಣಿಯ, ಪ್ರತಿ ಬೇಕು ಅನ್ನಿ. ಸಾಲಕ್ಕೆಂದು ಸೊಸಾಯಿಟಿಯವರು ಕೇಳಿದ್ದಾರೆ, ಇಲ್ಲವೇ ಬೆಳೆವಿಮೆಗೆ ಬೇಕಾಗಿದೆ. ನಾಡಕಚೇರಿಗೋ ಗ್ರಾಮ ಒನ್ ಕೇಂದ್ರಕ್ಕೋ ಹೋಗಿ ಸರ್ವೆ ನಂಬರು ಹೇಳಿದರೆ ಪ್ರಿಂಟು ಕೈಗೆ ಬರುತ್ತದೆ. ಜಾತಿ, ಆದಾಯದ ಪ್ರಮಾಣಪತ್ರಗಳೂ ಮೊದಲಿನಷ್ಟು ಸತಾಯಿಸುವುದಿಲ್ಲ. ಆದರೆ ಅದೇ ಉತಾರದ 9ನೇ ಕಾಲಮ್ಮಿನಲ್ಲಿ ಅಪ್ಪನ ಹೆಸರು ಹೋಗಿ ಮಕ್ಕಳ ಹೆಸರು ಬರಬೇಕು, ಅಣ್ಣತಮ್ಮಂದಿರ ಪಾಲಿನ ಪೋಡಿ ಆಗಬೇಕು, ಬಾಜೂದವರು ಒತ್ತಿದ್ದಾರೆಂದು ಹದ್ದುಬಸ್ತು ಮಾಡಿಸಬೇಕು ಎಂದಾಗ ಗಣಕಯಂತ್ರದ ವೇಗ ನಿಂತು ಮನುಷ್ಯರ ವೇಗ ಶುರುವಾಗುತ್ತದೆ. ಮೊದಲನೆಯದರಲ್ಲಿ, ಆಗಲೇ ಬರೆದಿಟ್ಟದ್ದನ್ನು ತೆಗೆದು ಕೊಟ್ಟರೆ ಮುಗಿಯಿತು. ಎರಡನೆಯದರಲ್ಲಿ ಯಾರಾದರೂ ಬಂದು ನೋಡಬೇಕು, ನಾಲ್ಕು ಜನರನ್ನು ವಿಚಾರಿಸಬೇಕು, ಇದು ಇಂಥವರದು ಎಂದು ತೀರ್ಮಾನಿಸಿ ಸಹಿ ಮಾಡಬೇಕು. ಕಳೆದ ಇಪ್ಪತ್ತೈದು ವರ್ಷಗಳ ನಮ್ಮ ಸುಧಾರಣೆಗಳು ಬಹುಪಾಲು ಕೊಡುವ ಕೆಲಸವನ್ನು ಚುರುಕು ಮಾಡಿವೆ. ತೀರ್ಮಾನಿಸುವ ಕೆಲಸದ ಹತ್ತಿರ ಹೋಗಲು ಅಂಜಿವೆ. ನಿಮ್ಮ ಮೊದಲ ಪ್ರಶ್ನೆಗೆ ಹೋದರೆ ಇದು ಯಾಕೆ ಹೀಗೆ ಎಂಬುದೂ ತಿಳಿಯುತ್ತದೆ.

ಜನ ಬೈದದ್ದಕ್ಕೆ ಸರ್ಕಾರ ಸುಧಾರಿಸುತ್ತದೆ ಎಂದು ನಂಬುವುದು ನಮಗೆಲ್ಲ ಇಷ್ಟ. ಜನರ ಬೈಗುಳ ಎಂದೂ ನಿಂತಿದ್ದಿಲ್ಲ, ಸುಧಾರಣೆ ಮಾತ್ರ ಕೆಲವೊಮ್ಮೆಯಷ್ಟೇ ಬರುತ್ತದೆ. ಅಂದರೆ ಬೈಗುಳದ ಜೊತೆಗೆ ಇನ್ನೇನೋ ಕೂಡಬೇಕು. ನನಗೆ ಕಂಡಂತೆ, ಹಳೆಯ ವ್ಯವಸ್ಥೆಯಿಂದ ಸರ್ಕಾರದ ಸ್ವಂತ ಕೆಲಸವೇ ಕೆಟ್ಟು ನಿಂತಾಗ ಸುಧಾರಣೆ ಬರುತ್ತದೆ.

ನಿಮ್ಮ ಸೀಮೆಯನ್ನೇ ನೋಡಿ. ಪಟವರ್ಧನರ ಜಮಖಂಡಿ ಸಂಸ್ಥಾನ 1948ರ ಮಾರ್ಚ್ 8ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಘೋರ್ಪಡೆಯವರ ಮುಧೋಳವೂ ಅದೇ ವರ್ಷ ಸೇರಿತು. ಆಗ ಊರಿನ ಲೆಕ್ಕ ಕುಲಕರ್ಣಿಯ ಮನೆಯಲ್ಲಿ, ಊರಿನ ದರ್ಬಾರು ಗೌಡರ ಕಟ್ಟೆಯಲ್ಲಿ. ಎರಡೂ ಮನೆತನದ ಹುದ್ದೆಗಳು. ದಫ್ತರ ಅಪ್ಪನಿಂದ ಮಗನಿಗೆ ಬರುತ್ತಿತ್ತು. ಯಾರ ಹೊಲ ಯಾರ ಹೆಸರಿನಲ್ಲಿದೆ ಎಂಬುದು ಆ ಬಟ್ಟೆಯ ಗಂಟು ಬಿಚ್ಚಿದಾಗಲೇ ತಿಳಿಯುವುದು, ಬಿಚ್ಚುವುದು ಕುಲಕರ್ಣಿಯ ಮರ್ಜಿ. ಮುಂಬಯಿ ಸರ್ಕಾರ 1950ರಲ್ಲಿ ಕುಲಕರ್ಣಿ ವತನ ರದ್ದು ಮಾಡುವ ಕಾಯ್ದೆ ತಂದಿತು. 1960ರ ಡಿಸೆಂಬರಿನಲ್ಲಿ ಆಂಧ್ರದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಊರ ಹುದ್ದೆಯನ್ನು ವಂಶ ನೋಡಿ ಕೊಡುವುದು ಸಂವಿಧಾನದ 16ನೇ ವಿಧಿಗೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಮರುವರ್ಷವೇ ಮೈಸೂರು ರಾಜ್ಯ ಗ್ರಾಮಾಧಿಕಾರ ರದ್ದತಿ ಕಾಯ್ದೆ ಮಾಡಿತು. 1963ರ ಫೆಬ್ರವರಿ 1ರಿಂದ ಅದು ಜಾರಿಗೆ ಬಂತು.

ಕಾಯ್ದೆ ಆದಾಗ ಮುಖ್ಯಮಂತ್ರಿಯಾಗಿದ್ದವರು ನಿಮ್ಮ ತಾಲೂಕಿನ ಸಾವಳಗಿಯ ಬಿ.ಡಿ. ಜತ್ತಿ. ಜಮಖಂಡಿ ಪುರಸಭೆಯ ಸದಸ್ಯರಾಗಿ, ಅದರ ಅಧ್ಯಕ್ಷರಾಗಿ, ಸಂಸ್ಥಾನದ ಕೊನೆಯ ದಿನಗಳಲ್ಲಿ ಅದರ ಮುಖ್ಯಮಂತ್ರಿಯಾಗಿ ಮೆಟ್ಟಿಲು ಮೆಟ್ಟಿಲು ಹತ್ತಿದವರು. ರಾಜ್ಯದ ಭೂಸುಧಾರಣೆಗೆ ದಾರಿ ಹಾಕಿಕೊಟ್ಟ ಸಮಿತಿಗೂ ಅವರೇ ಅಧ್ಯಕ್ಷರು. ಎರಡು ಕೆಲಸಗಳಿಗೂ ಸಂಬಂಧವಿದೆ. ಗೇಣಿದಾರನಿಗೆ ಹಕ್ಕು ಕೊಡಬೇಕೆಂದು ಹೊರಟ ಸರ್ಕಾರಕ್ಕೆ ಯಾವ ಹೊಲವನ್ನು ಯಾರು ಉಳುತ್ತಾರೆ ಎಂಬ ಲೆಕ್ಕ ಬೇಕು. ಭೂಮಿ ಇದ್ದವರ ಮನೆಯ ಮಾಡದಲ್ಲಿ ಆ ಲೆಕ್ಕ ಕೂತಿದ್ದರೆ ಕಾಯ್ದೆ ಕಾಗದದಲ್ಲೇ ಉಳಿಯುತ್ತದೆ. ಹಾಗಾಗಿ ಮನೆತನದ ಕುಲಕರ್ಣಿ ಹೋಗಿ ಪಗಾರದ ತಲಾಟಿ ಬಂದ. ಇವನನ್ನು ವರ್ಗ ಮಾಡಬಹುದು, ಅಮಾನತು ಮಾಡಬಹುದು, ಮೇಲಿನವರ ಹತ್ತಿರ ಇವನ ಮೇಲೆ ಅರ್ಜಿ ಕೊಡಬಹುದು. ಯಾರೂ ಇದಕ್ಕೆ ಸಾರ್ವಜನಿಕ ಸೇವೆಯ ಸುಧಾರಣೆ ಎಂಬ ಫಲಕ ಹಾಕಲಿಲ್ಲ. ಆದರೂ ನನ್ನ ಲೆಕ್ಕದಲ್ಲಿ ನಮ್ಮ ಭಾಗ ಕಂಡ ಅತಿ ದೊಡ್ಡ ಆಡಳಿತ ಸುಧಾರಣೆ ಇದೇ. ಗಣಕಯಂತ್ರದ್ದು ಇದರ ನಂತರದ ಸ್ಥಾನ.

ಹೊರದೇಶದಲ್ಲೂ ಕಥೆ ಇಷ್ಟೇ. ಇಂಗ್ಲೆಂಡಿನಲ್ಲಿ ಶಿಫಾರಸಿನ ಮೇಲೆ ನೌಕರಿ ಕೊಡುವುದು ಬಿಟ್ಟು ಪರೀಕ್ಷೆ ಇಡಿ ಎಂದು ನಾರ್ತ್‌ಕೋಟ್ ಮತ್ತು ಟ್ರೆವೆಲ್ಯನ್ ವರದಿ ಕೊಟ್ಟದ್ದು 1854ರಲ್ಲಿ. ಅದಕ್ಕೆ ಬಲ ಬಂದದ್ದು ಕ್ರಿಮಿಯಾ ಯುದ್ಧದಲ್ಲಿ ಸೈನಿಕರಿಗೆ ಬೂಟು, ಔಷಧಿ ತಲುಪಿಸಲೂ ಆಗದೆ ಸರ್ಕಾರದ ಮಾನ ಹೋದ ಮೇಲೆ.

ಇನ್ನು ಆಯೋಗಗಳ ವಿಷಯ. ಸುಧಾರಣಾ ಆಯೋಗಗಳಿಗೆ ಅಧ್ಯಕ್ಷರನ್ನು ಒದಗಿಸುವುದರಲ್ಲಿ ಕನ್ನಡನಾಡು ಎಂದೂ ಹಿಂದೆ ಬಿದ್ದಿಲ್ಲ. ದೇಶದ ಮೊದಲ ಆಡಳಿತ ಸುಧಾರಣಾ ಆಯೋಗ 1966ರಲ್ಲಿ ಮೊರಾರ್ಜಿ ದೇಸಾಯಿಯವರಿಂದ ಶುರುವಾದರೂ ಅದನ್ನು ಮುಗಿಸಿದವರು ಕೆಂಗಲ್ ಹನುಮಂತಯ್ಯ. 2005ರಲ್ಲಿ ರಚನೆಯಾದ ಎರಡನೆಯದಕ್ಕೆ ವೀರಪ್ಪ ಮೊಯಿಲಿ. ರಾಜ್ಯದಲ್ಲಿ ಎಸ್.ಎಂ. ಕೃಷ್ಣ ಸರ್ಕಾರದ ಕಾಲಕ್ಕೆ ಹಾರನಹಳ್ಳಿ ರಾಮಸ್ವಾಮಿ ಆಯೋಗ, 2021ರಲ್ಲಿ ಟಿ.ಎಂ. ವಿಜಯಭಾಸ್ಕರ್ ಆಯೋಗ, ಅವರ ನಂತರ ಆರ್.ವಿ. ದೇಶಪಾಂಡೆ. ವಿಜಯಭಾಸ್ಕರ್ ಅವರ ವರದಿಗಳಲ್ಲಿ ಸುಮಾರು ಐದು ಸಾವಿರ ಶಿಫಾರಸುಗಳಿವೆ. ಅಷ್ಟನ್ನು ಓದಿ ಮುಗಿಸಲಿಕ್ಕೇ ಒಂದು ಹುದ್ದೆ ಮಂಜೂರು ಮಾಡಬೇಕಾದೀತು. ಆದರೂ ಆಯೋಗಗಳನ್ನು ಪೂರ್ತಿ ತಳ್ಳಿಹಾಕಲಾರೆ. ಝೆರಾಕ್ಸ್ ಪ್ರತಿಯ ಮೇಲೆ ಗೆಜೆಟೆಡ್ ಅಧಿಕಾರಿಯ ಸಹಿಗಾಗಿ ಹೈಸ್ಕೂಲು ಹೆಡ್‌ಮಾಸ್ತರರ ಮನೆಮುಂದೆ ನಿಂತ ನೆನಪು ನಿಮ್ಮ ವಯಸ್ಸಿನವರಿಗೆ ಇದ್ದೀತು. ಸ್ವಂತ ಸಹಿ ಸಾಕು ಎಂಬ ಮಾತು ಮೊಯಿಲಿ ಆಯೋಗದ ವರದಿಯಲ್ಲಿತ್ತು. 2014ರ ಹೊತ್ತಿಗೆ ಕೇಂದ್ರ ಅದನ್ನು ರೂಢಿಗೆ ತಂದಿತು. ಖರ್ಚಿಲ್ಲದೆ, ಯಂತ್ರವಿಲ್ಲದೆ ಒಂದು ಪೀಡೆ ಕಳೆಯಿತು. ಪರಿಶಿಷ್ಟ ಜಾತಿ, ಪಂಗಡದವರ ಜಾತಿ ಪ್ರಮಾಣಪತ್ರ ಜೀವಮಾನವಿಡೀ ನಡೆಯುತ್ತದೆ, ಆದಾಯದ್ದು 5 ವರ್ಷ ನಡೆಯುತ್ತದೆ ಎಂದು ನಮ್ಮ ಸರ್ಕಾರ ಮಾಡಿದ್ದೂ ಇದೇ ಜಾತಿಯ ಸುಧಾರಣೆ. ಕೇಳುವುದನ್ನೇ ಬಿಟ್ಟುಬಿಡುವ ಈ ಸುಧಾರಣೆಗೆ ಪ್ರಚಾರ ಕಡಿಮೆ, ಉದ್ಘಾಟನೆಗೆ ರಿಬ್ಬನ್ನೂ ಇಲ್ಲ.

ಭೂಮಿ ಯೋಜನೆಗೆ ಬರೋಣ. 2000ದ ಆಸುಪಾಸಿನಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು, ಅಂದರೆ 67 ಲಕ್ಷ ರೈತರ ಲೆಕ್ಕವನ್ನು, ಗಣಕಯಂತ್ರಕ್ಕೆ ಹತ್ತಿಸಿದರು. ರಾಜೀವ್ ಚಾವ್ಲಾ ಎಂಬ ಅಧಿಕಾರಿ ಇದರ ಹಿಂದೆ ಬಿದ್ದಿದ್ದರು. ತಾಲೂಕು ಕಚೇರಿಯಲ್ಲಿ ಆಗ 15 ರೂಪಾಯಿ ಕೊಟ್ಟರೆ ಉತಾರ ಸಿಗುತ್ತಿತ್ತು. ಕೈಬರಹದ ಪಹಣಿಗೆ ಬೆಲೆ ಇಲ್ಲವೆಂದು ಸರ್ಕಾರ ಸಾರಿತು. ಅದಕ್ಕೂ ಮೊದಲು ಒಂಬತ್ತು ಸಾವಿರದಷ್ಟು ತಲಾಟಿಗಳ ಚೀಲದಲ್ಲಿ ಚದುರಿದ್ದ ಲೆಕ್ಕ ಒಂದು ಕಡೆ ಬಂತು. ಕಂಪ್ಯೂಟರಿನ ಮುಂದೆ ಕೂರುವವರು ಬೆರಳಚ್ಚು ಕೊಟ್ಟೇ ಒಳಹೋಗಬೇಕು, ಹೆಸರು ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಮುಂದೆ ಹೋಗಬೇಕು ಎಂಬ ಕಟ್ಟಳೆ ಬೇರೆ. ಜಗತ್ತೆಲ್ಲ ಬಂದು ನೋಡಿ ಹೊಗಳಿತು. ಹೊಗಳದವರೂ ಇದ್ದರು. ಸಾಲೊಮನ್ ಬೆಂಜಮಿನ್ ಮತ್ತು ಜೊತೆಗಾರರು 2007ರಲ್ಲಿ ಬರೆದ ಅಧ್ಯಯನದಲ್ಲಿ, ಊರಲ್ಲಿ ಸಿಗುತ್ತಿದ್ದ ತಲಾಟಿಯ ಕೈಯಿಂದ ಅಧಿಕಾರ ತಾಲೂಕಿಗೆ ಏರಿದ್ದರಿಂದ ಬೆಂಗಳೂರಿನ ಸುತ್ತ ದೊಡ್ಡ ಭೂಮಿ ಖರೀದಿದಾರರಿಗೆ ಅನುಕೂಲವಾಯಿತು, ಸಣ್ಣವರಿಗೆ ದೂರವಾಯಿತು ಎಂದರು. ನನಗೆ ಇಬ್ಬರ ಮಾತೂ ನಿಜ ಅನಿಸುತ್ತದೆ. ಪ್ರತಿ ತೆಗೆಯುವವರಿಗೆ ಭೂಮಿ ವರವಾಯಿತು. ತಪ್ಪು ತಿದ್ದಿಸುವವರಿಗೆ, ಮೊದಲು ಒಬ್ಬ ತಲಾಟಿಯನ್ನು ಹಿಡಿದರೆ ಸಾಕಿತ್ತು, ಈಗ ನಾಲ್ಕು ಮೇಜು ಹಿಡಿಯಬೇಕಾಯಿತು. ಕೈಬರಹದಲ್ಲಿದ್ದ ತಪ್ಪು ಗಣಕಕ್ಕೆ ಹತ್ತುವಾಗ ಹಾಗೆಯೇ ಹತ್ತಿತು, ಟೈಪು ಮಾಡುವವರು ತಮ್ಮದನ್ನೂ ಸೇರಿಸಿದರು. ಅಡ್ಡಹೆಸರು ಬಿಟ್ಟುಹೋದದ್ದು, ಎಕರೆ ಗುಂಟೆ ಹಿಂದುಮುಂದಾದದ್ದು ನಿಮ್ಮೂರಲ್ಲೇ ಎಷ್ಟು ಸಿಗುತ್ತವೆಯೋ ಎಣಿಸಿ ನೋಡಿ.

ಸಕಾಲ ಹುಟ್ಟಿದ ಹೊತ್ತೂ ಗಮನಿಸತಕ್ಕದ್ದು. ಗಡುವಿನೊಳಗೆ ಸೇವೆ ಕೊಡಲೇಬೇಕೆಂಬ ಇಂಥ ಕಾಯ್ದೆಯನ್ನು ಮಧ್ಯಪ್ರದೇಶ 2010ರಲ್ಲಿ ಮೊದಲು ತಂದಿತು. 2011ರಲ್ಲಿ ದಿಲ್ಲಿಯಲ್ಲಿ ಅಣ್ಣಾ ಹಜಾರೆ ಉಪವಾಸ, ಬೆಂಗಳೂರಿನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಗಣಿ ವರದಿ, ಮುಖ್ಯಮಂತ್ರಿ ರಾಜೀನಾಮೆ. ಕಳೆದ ಮಾನ ಹೊಂದಿಸಿಕೊಳ್ಳುವ ಗರಜು ಸರ್ಕಾರಕ್ಕೆ ಬಿದ್ದಾಗ ಸಕಾಲ ಬಂತು. ಸದಾನಂದ ಗೌಡರ ಕಾಲದಲ್ಲಿ, 2012ರ ಏಪ್ರಿಲ್ 2ರಂದು, 11 ಇಲಾಖೆಗಳ 151 ಸೇವೆಗಳೊಂದಿಗೆ. ಅದಕ್ಕೂ ಮೊದಲು ಕಚೇರಿಗಳ ಗೋಡೆಯ ಮೇಲೆ ನಾಗರಿಕ ಸನ್ನದು ಎಂಬ ಫಲಕಗಳಿದ್ದವು, ಕೆಲವು ಕಡೆ ಬಣ್ಣ ಮಾಸಿ ಈಗಲೂ ಇವೆ: ಇಂಥ ಸೇವೆ, ಇಷ್ಟು ದಿನ, ಇಷ್ಟು ಶುಲ್ಕ. ಆ ದಿನ ದಾಟಿದರೆ ಏನು ಎಂಬ ಸಾಲು ಅದರಲ್ಲಿ ಇರಲಿಲ್ಲ. ಸಕಾಲ ಆ ಸಾಲನ್ನು ಬರೆಯಿತು. ಅರ್ಜಿಗೆ 15 ಅಂಕಿಯ ನಂಬರು. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ, ಅದೂ ತಡಮಾಡಿದವರ ಪಗಾರದಿಂದ. ಆ 20 ರೂಪಾಯಿ ಕೇಳಿ ಪಡೆದವರನ್ನು ನಾನಂತೂ ಭೆಟ್ಟಿಯಾಗಿಲ್ಲ. ನಾಳೆ ಮತ್ತೆ ಅದೇ ಮೇಜಿನ ಮುಂದೆ ನಿಲ್ಲಬೇಕಾದವರು ಯಾರು ಕೇಳಿಯಾರು? ಆದರೂ ನಂಬರಿಗೆ ಬೆಲೆ ಇದೆ. ಅರ್ಜಿ ಬಂದೇ ಇಲ್ಲ ಎಂದು ಕೈಝಾಡಿಸುವ ಹಳೆಯ ಉಪಾಯ ಅದರಿಂದ ಸತ್ತಿತು.

ಹೊಸ ಉಪಾಯ ಹುಟ್ಟಿತು ಅನ್ನಿ. ಸಕಾಲ ಹಿಡಿದಿಡುವುದು ಉತ್ತರ ಬರಬೇಕಾದ ದಿನವನ್ನು ಮಾತ್ರ. ಗಡುವಿನ ಕೊನೆಯ ದಿನ ‘ದಾಖಲೆ ಅಪೂರ್ಣ, ತಿರಸ್ಕರಿಸಿದೆ’ ಎಂದು ಒತ್ತಿಬಿಟ್ಟರೆ ಅದೂ ವಿಲೇವಾರಿಯೇ. ಲೆಕ್ಕದಲ್ಲಿ ಕಚೇರಿ ಮೊದಲ ಸ್ಥಾನಕ್ಕೆ ಬರುತ್ತದೆ, ನೀವು ಮೊದಲನೇ ಮೆಟ್ಟಿಲಿಗೆ ಬರುತ್ತೀರಿ.

ನಿಮ್ಮ ವಾರಸಾ ಅರ್ಜಿಯ ಹಿಂದೆ ಒಂದಿಷ್ಟು ದೂರ ನಡೆದು ನೋಡೋಣ. ಮರಣ ಪ್ರಮಾಣಪತ್ರ, ವಂಶಾವಳಿ, ಆಧಾರ್ ಪ್ರತಿಗಳು ಸೇರಿಸಿ ನಾಡಕಚೇರಿಯಲ್ಲಿ ಕೊಟ್ಟಿರಿ. ಅದು ತಲಾಟಿಗೆ ಹೋಯಿತು. ಈಗ ಅವರ ಹುದ್ದೆಯ ಹೆಸರು ಗ್ರಾಮ ಆಡಳಿತ ಅಧಿಕಾರಿ. ಊರವರ ಬಾಯಲ್ಲಿ ತಲಾಟಿಯೇ. ಅವರು ಊರಿಗೆ ಬಂದು ಪಂಚರ ಎದುರು ಕೇಳಬೇಕು: ತೀರಿಹೋದವರಿಗೆ ಮಕ್ಕಳೆಷ್ಟು? ಮೂವರು ಗಂಡುಮಕ್ಕಳ ಹೆಸರು ವಂಶಾವಳಿಯಲ್ಲಿದೆ. ಅಥಣಿಗೆ ಕೊಟ್ಟ ಮಗಳು? ಜತ್ತಕ್ಕೆ ಕೊಟ್ಟವಳು? ಹೆಣ್ಣುಮಕ್ಕಳಿಗೂ ಸಮಪಾಲು ಎಂದು 2005ರ ತಿದ್ದುಪಡಿ ಹೇಳುತ್ತದೆ, 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಮತ್ತೊಮ್ಮೆ ಗಟ್ಟಿ ಮಾಡಿತು. ‘ಅವರು ಒಲ್ಲೆ ಅಂದಾರ್ರಿ’ ಎಂದು ಅಣ್ಣಂದಿರು ಹೇಳುತ್ತಾರೆ. ಒಲ್ಲೆ ಅಂದರೋ, ಅವರನ್ನು ಕೇಳಿಯೇ ಇಲ್ಲವೋ? ನೋಟಿಸು ಹಚ್ಚಿ ತಕರಾರಿಗೆ ಕಾಯಬೇಕು. ಆಮೇಲೆ ಕಂದಾಯ ನಿರೀಕ್ಷಕರ ಸಹಿ. ಈ ದಾರಿಯಲ್ಲಿ ಕೆಲವೆಡೆ ಕೈಬಿಸಿಗಾಗಿ ತಡವಾಗುತ್ತದೆ, ನಿಜ. ಕೆಲವೆಡೆ ತಡವಾಗಬೇಕಾದ್ದೇ ನ್ಯಾಯ. ಎಲ್ಲಾ ತಡವೂ ಲಂಚದ್ದು ಎಂದು ಬಗೆದು ಎಲ್ಲವನ್ನೂ ಒಂದೇ ಗುಂಡಿಯಲ್ಲಿ ಮುಗಿಸುವ ಯಂತ್ರ ತಂದರೆ ಮೊದಲು ಮರೆತುಹೋಗುವುದು ಜತ್ತಕ್ಕೆ ಕೊಟ್ಟ ಮಗಳ ಹೆಸರು.

ಹಾಗಾದರೆ ವಿಚಾರಿಸಬೇಕಾದ ಆ ಮನುಷ್ಯ ಎಲ್ಲಿದ್ದಾರೆ? ರಾಜ್ಯ ಸರ್ಕಾರದಲ್ಲಿ ಮಂಜೂರಾದ ಹುದ್ದೆಗಳು 7.7 ಲಕ್ಷದ ಹತ್ತಿರ. ಅವುಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಖಾಲಿ. ಒಬ್ಬ ತಲಾಟಿಗೆ ಹಲವು ಊರು. 2024ರಲ್ಲಿ 1,000 ಗ್ರಾಮ ಆಡಳಿತ ಅಧಿಕಾರಿಗಳ ನೇಮಕಕ್ಕೆ ಪರೀಕ್ಷೆ ನಡೆದಾಗ ಅರ್ಜಿ ಹಾಕಿದವರು ಲಕ್ಷಗಟ್ಟಲೆ. ಅದೇ ವರ್ಷ ಸೆಪ್ಟೆಂಬರ್ ಕೊನೆಗೆ ಇದ್ದ ಅಧಿಕಾರಿಗಳು ರಾಜ್ಯದಾದ್ಯಂತ ಮುಷ್ಕರಕ್ಕೆ ಕೂತರು. ಅವರ ದೂರುಗಳಲ್ಲಿ ಒಂದು: ಕೈಗೆ ಹತ್ತಾರು ಮೊಬೈಲ್ ಆ್ಯಪ್ ಕೊಟ್ಟಿದ್ದೀರಿ, ಕೂರಲು ಮೇಜು ಕುರ್ಚಿ ಕೊಟ್ಟಿಲ್ಲ. ಆಧಾರ್ ಜೋಡಣೆಗೆ ಒಂದು ಆ್ಯಪ್, ಸರ್ಕಾರಿ ಜಾಗ ಕಾಯಲು ಒಂದು, ಬಗರ್‌ಹುಕುಂಗೆ ಒಂದು. ನಾವು ಸುಧಾರಣೆ ಎಂದು ಕರೆದದ್ದು ಅವರ ಪಾಲಿಗೆ ಇನ್ನೊಂದು ಪಾಸ್‌ವರ್ಡು. ನನಗೆ ಅವರ ಮೇಲೆ ವಿಶೇಷ ಕನಿಕರವೇನೂ ಇಲ್ಲ, ಆದರೆ ಈ ದೂರು ಮಾತ್ರ ಖರೆ.

ಕಚೇರಿಯನ್ನೇ ಹತ್ತಿರ ತರುವುದೂ ಒಂದು ಬಗೆಯ ಸುಧಾರಣೆ. 1997ರವರೆಗೆ ನಿಮ್ಮ ಜಿಲ್ಲಾ ಕಚೇರಿ ವಿಜಾಪುರದಲ್ಲಿತ್ತು, ಆಮೇಲೆ ಬಾಗಲಕೋಟೆ ಜಿಲ್ಲೆಯಾಯಿತು. 2017ರ ಬಜೆಟ್ಟಿನಲ್ಲಿ ಘೋಷಿಸಿದ 49 ತಾಲೂಕುಗಳಲ್ಲಿ ರಬಕವಿ-ಬನಹಟ್ಟಿಯೂ ಬಂತು. ಹತ್ತಿರವಾದದ್ದು ಒಳ್ಳೆಯದೇ. ಆದರೆ ಇದ್ದಷ್ಟೇ ನೌಕರರನ್ನು ಎರಡು ಕಚೇರಿಗೆ ಹಂಚಿದರೆ ಎರಡೂ ಕಡೆ ಕುರ್ಚಿ ಖಾಲಿ ಕಾಣುತ್ತವೆ.

ನಿಮ್ಮ ಸೀಮೆಯವರು ಸರ್ಕಾರದ ದಾರಿ ಕಾಯ್ದು ಸಾಕಾಗಿ ಒಮ್ಮೆ ಬೇರೆಯೇ ಉತ್ತರ ಕೊಟ್ಟಿದ್ದಾರೆ. ಅದನ್ನು ಹೇಳದಿದ್ದರೆ ಜಮಖಂಡಿಯವರಿಗೆ ಬರೆದ ಉತ್ತರ ಅರ್ಧವಾಗುತ್ತದೆ. ಹಿಪ್ಪರಗಿ ಬ್ಯಾರೇಜಿನ ಸರ್ಕಾರಿ ಕೆಲಸ ದಶಕಗಟ್ಟಲೆ ಕುಂಟುತ್ತಿದ್ದಾಗ ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ ರೈತರು ವಂತಿಗೆ ಕೂಡಿಸಿ, ಮೈಮುರಿದು ದುಡಿದು, ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಗೆ ಅಡ್ಡ ಬ್ಯಾರೇಜು ಕಟ್ಟಿದರು. 1989ರಲ್ಲಿ ಮುಗಿದ ಆ ಶ್ರಮಬಿಂದು ಸಾಗರದ ಪುಣ್ಯದಿಂದ ಅವರು ಬ್ಯಾರೇಜ್ ಸಿದ್ದು ಆದರು. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ನಿಂತ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ಆದರೆ ಈ ದಾರಿ ಎಲ್ಲಿಯವರೆಗೆ ಹೋದೀತು ಎಂಬುದನ್ನೂ ನೋಡಬೇಕು. ನೀರು ನಿಲ್ಲಿಸುವುದು ಜನರ ಕೈಯಲ್ಲಿ ಆದೀತು. ಉತಾರದ ಮೇಲಿನ ಸಹಿ ಆಗದು. ಸಾವಿರ ಜನ ವಂತಿಗೆ ಹಾಕಿ ತಮ್ಮದೇ ತಲಾಟಿಯನ್ನು ಇಟ್ಟುಕೊಂಡರೂ ಆತ ಬರೆದ ಹೆಸರನ್ನು ಬ್ಯಾಂಕೂ ಒಪ್ಪದು, ಕೋರ್ಟೂ ಒಪ್ಪದು. ಆ ಅಂಗಡಿ ಒಂದೇ. ಬೇರೆ ಕಡೆ ಹೋಗುವ ಹಾಗಿಲ್ಲ. ಹೋಗುವ ಹಾಗಿಲ್ಲದ ಕಡೆ ಬೇಕಾಗುವುದು ಕೇಳುವ ಹಕ್ಕು. 1994ರಲ್ಲಿ ಬೆಂಗಳೂರಿನಲ್ಲಿ ಸ್ಯಾಮುಯೆಲ್ ಪಾಲ್ ನೀರು, ವಿದ್ಯುತ್ತು, ಪಾಲಿಕೆಗಳ ಕೆಲಸಕ್ಕೆ ಜನರಿಂದಲೇ ಅಂಕ ಹಾಕಿಸಿ ಪ್ರಗತಿಪತ್ರ ಪ್ರಕಟಿಸಿದಾಗ ಇಲಾಖೆಗಳು ತಲೆ ತಗ್ಗಿಸಿದವು. 1999ರಲ್ಲಿ ಮತ್ತೆ, 2003ರಲ್ಲಿ ಮತ್ತೆ ಮಾಡಿದರು, ಅಂಕ ಸುಧಾರಿಸಿತು. ತಾಲೂಕು ಮಟ್ಟದಲ್ಲಿ ಅಂಥದ್ದೊಂದನ್ನು ನಿಮ್ಮೂರ ಕಾಲೇಜಿನ ಮಕ್ಕಳೇ ಮಾಡಬಹುದು.

ಈಗ ನಿಮ್ಮ ಎರಡನೇ ಪ್ರಶ್ನೆ: ಎತ್ತ ಹೊರಟಿದೆ?

ಅರ್ಜಿಯೇ ಇಲ್ಲದ ಸೇವೆಯ ಕಡೆಗೆ. ವಯಸ್ಸು ತುಂಬಿದ ಬಡವರನ್ನು ಸರ್ಕಾರವೇ ತನ್ನ ಪಟ್ಟಿಗಳಿಂದ ಹುಡುಕಿ ಪಿಂಚಣಿ ಕೊಡುವ ‘ಮನೆ ಬಾಗಿಲಿಗೆ ಮಾಸಾಶನ’ ಕೆಲವು ವರ್ಷಗಳ ಹಿಂದೆ ಶುರುವಾಯಿತು. ಉಪನೋಂದಣಿ ಕಚೇರಿಯಲ್ಲಿ ಖರೀದಿಪತ್ರ ಆದ ಕೂಡಲೇ ಅದರ ಮಾಹಿತಿ ತಾನಾಗಿ ಭೂಮಿ ಗಣಕಕ್ಕೆ ಹರಿಯುತ್ತದೆ. ಸತ್ತವರ ಹೆಸರಲ್ಲೇ ಉಳಿದ ಲಕ್ಷಗಟ್ಟಲೆ ಜಮೀನುಗಳನ್ನು ಊರೂರಿಗೆ ಹೋಗಿ ವಾರಸುದಾರರ ಹೆಸರಿಗೆ ಮಾಡುವ ಪೌತಿ ಆಂದೋಲನ ಕೃಷ್ಣ ಬೈರೇಗೌಡರು ಕಂದಾಯ ಸಚಿವರಾದ ಮೇಲೆ ನಡೆದಿದೆ. ತಾಲೂಕು ಕಚೇರಿಗಳ ದಾಖಲೆ ಕೋಣೆಯ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಭೂಸುರಕ್ಷಾ ಕೆಲಸವೂ ಸಾಗಿದೆ. ಇದರ ಹಿಂದಿನ ಗರಜು ಏನು ಎಂದು ಕೇಳಿದರೆ, ಹಣ ನೇರವಾಗಿ ಖಾತೆಗೆ ಹೋಗುವ ಕಾಲವಿದು. ಗೃಹಲಕ್ಷ್ಮಿಯ ತಿಂಗಳ 2,000, ಪಿಎಂ ಕಿಸಾನ್‌ನ ವರ್ಷದ 6,000, ಬೆಳೆ ಪರಿಹಾರ, ವಿಮೆ. ದುಡ್ಡು ಸರಿಯಾದವರಿಗೆ ಮುಟ್ಟಬೇಕಾದರೆ ಪಟ್ಟಿ ಸರಿ ಇರಬೇಕು. ಮತ್ತೆ ಸರ್ಕಾರದ್ದೇ ಕೆಲಸ, ನೋಡಿ.

ಎಸ್ಟೋನಿಯಾ ಎಂಬ ಸಣ್ಣ ದೇಶ 2001ರಿಂದಲೇ ತನ್ನ ಕಚೇರಿಗಳ ಗಣಕಗಳನ್ನು ಒಂದಕ್ಕೊಂದು ಜೋಡಿಸಿ, ಒಮ್ಮೆ ಕೊಟ್ಟ ಮಾಹಿತಿಯನ್ನು ಪ್ರಜೆಯಿಂದ ಇನ್ನೊಮ್ಮೆ ಕೇಳಬಾರದೆಂಬ ಕಟ್ಟಳೆಯಲ್ಲಿ ನಡೆದಿದೆ. ನಮ್ಮ ಆಯೋಗಗಳಿಗೆ ಅದರ ಕನಸು. ನನಗೆ ಕನಸಿನಲ್ಲಿ ಇನ್ನೊಂದು ದೇಶ ಬರುತ್ತದೆ. ನೆದರ್ಲೆಂಡ್ಸಿನಲ್ಲಿ ಮಕ್ಕಳ ಪಾಲನೆಗೆ ಕೊಡುವ ಸಹಾಯಧನದಲ್ಲಿ ಮೋಸ ಮಾಡಿದ್ದಾರೆಂದು ತೆರಿಗೆ ಇಲಾಖೆ ಸಾವಿರಾರು ಕುಟುಂಬಗಳ ಮೇಲೆ ತಪ್ಪು ಮುದ್ರೆ ಒತ್ತಿತು. ಯಾರು ಮೋಸಗಾರರಿರಬಹುದು ಎಂದು ಹೆಸರು ಎತ್ತಿಕೊಡುವಲ್ಲಿ ಗಣಕದ ಲೆಕ್ಕಾಚಾರಕ್ಕೂ ಪಾತ್ರವಿತ್ತು. ಜನ ಸಾಲದಲ್ಲಿ ಮುಳುಗಿದರು, ಅವರ ಮಾತು ಕೇಳುವ ಮೇಜು ಸಿಗಲಿಲ್ಲ. 2021ರ ಜನವರಿಯಲ್ಲಿ ಅಲ್ಲಿನ ಸರ್ಕಾರವೇ ರಾಜೀನಾಮೆ ಕೊಡಬೇಕಾಯಿತು.

ಅಷ್ಟು ದೂರ ಹೋಗುವುದೂ ಬೇಡ. ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ನಿಮ್ಮ ಹೊಲದ ಕಬ್ಬನ್ನು ಯಾರೋ ಗೋವಿನಜೋಳ ಎಂದು ಹಾಕಿದರೆ ಉತಾರದಲ್ಲೂ ಅದೇ ಬರುತ್ತದೆ, ಮುಂದಿನದೆಲ್ಲ ಅದರ ಮೇಲೆ ತಾನಾಗಿ ನಡೆದುಬಿಡುತ್ತದೆ. ಅರ್ಜಿ ಇದ್ದ ಕಾಲದಲ್ಲಿ ತಿರಸ್ಕಾರವಾದರೂ ಕೈಗೆ ಸಿಗುತ್ತಿತ್ತು, ಅದರ ಮೇಲೆ ಜಗಳ ಮಾಡಬಹುದಿತ್ತು. ಅರ್ಜಿಯೇ ಇಲ್ಲದಾಗ ತಿರಸ್ಕಾರವೂ ಇಲ್ಲ. ದುಡ್ಡು ಬರಲಿಲ್ಲ, ಅಷ್ಟೇ. ಪಟ್ಟಿಯಲ್ಲೇ ಇಲ್ಲದವರ ಪಾಡು ಇನ್ನೂ ಕಷ್ಟ. ಬನಹಟ್ಟಿ, ರಬಕವಿಯಲ್ಲಿ ಬೇರೆಯವರ ಪಾವರ್‌ಲೂಮಿನಲ್ಲಿ ಮಜೂರಿಗೆ ಸೀರೆ ನೇಯುವವರನ್ನು ತೆಗೆದುಕೊಳ್ಳಿ. ಮಗ್ಗ ಮಾಲೀಕರದು, ಮೀಟರು ಮಾಲೀಕರ ಹೆಸರಲ್ಲಿ, ಹೊಲವಿಲ್ಲ, ಉತಾರವಿಲ್ಲ, ಹಾಜರಿ ಪುಸ್ತಕದಲ್ಲಿ ಹೆಸರು ಇದ್ದರೂ ಇದ್ದೀತು ಇಲ್ಲದಿದ್ದರೂ ಇಲ್ಲ. ತಾನೇ ಹುಡುಕಿ ಬರುವ ಸರ್ಕಾರಕ್ಕೆ ಇವರು ಕಾಣುವುದೇ ಇಲ್ಲ. ಇವರಿಗೆ ಅರ್ಜಿ ಬೇಕು, ಅರ್ಜಿ ಕೇಳುವ ಮನುಷ್ಯ ಬೇಕು.

ಆದ್ದರಿಂದ ಮುಂದಿನ ಸುಧಾರಣೆಯಲ್ಲಿ ನಾನು ಹುಡುಕುವುದು ಮೂರನ್ನು. ತಲಾಟಿ ಮತ್ತು ಭೂಮಾಪಕರ ಖಾಲಿ ಹುದ್ದೆ ತುಂಬುವುದು. ತಿರಸ್ಕರಿಸಿದರೆ ಯಾವ ದಾಖಲೆ ಯಾಕೆ ಸಾಲದು ಎಂದು ಕಾರಣ ಬರೆದು ಕೊಡುವುದು, ಕಾರಣವಿಲ್ಲದ ತಿರಸ್ಕಾರವನ್ನು ವಿಲೇವಾರಿಯ ಲೆಕ್ಕಕ್ಕೆ ಹಿಡಿಯದಿರುವುದು. ಯಂತ್ರ ಮಾಡಿದ ತಪ್ಪನ್ನು ತಿದ್ದುವ ಅಧಿಕಾರ ಹೋಬಳಿಯಲ್ಲೇ ಒಬ್ಬರಿಗೆ ಇರುವುದು. ಇದ್ಯಾವುದಕ್ಕೂ ಆ್ಯಪ್ ಬೇಡ, ಹಾಗಾಗಿಯೇ ತಡವಾಗುತ್ತದೋ ಏನೋ. ಅಲ್ಲಿಯವರೆಗೆ ಇರುವ ದಾರಿಯನ್ನಾದರೂ ಬಳಸಿ: ಹೆಸರು ಬದಲಾವಣೆಯ ಆದೇಶ ಸರಿಯಿಲ್ಲವೆನಿಸಿದರೆ ಭೂಕಂದಾಯ ಕಾಯ್ದೆಯ 136(2)ನೇ ಕಲಮಿನ ಕೆಳಗೆ ಉಪವಿಭಾಗಾಧಿಕಾರಿಗಳ ಹತ್ತಿರ ಅಪೀಲು ಮಾಡಬಹುದು, ಆ ಕಚೇರಿ ನಿಮ್ಮ ಜಮಖಂಡಿಯಲ್ಲೇ ಇದೆ.

ಈ ಎಲ್ಲದರ ಪರೀಕ್ಷೆ ನಿಮ್ಮ ನದಿದಂಡೆಯಲ್ಲೇ ನಡೆಯಲಿದೆ. ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು 75 ಸಾವಿರ ಎಕರೆಗೂ ಹೆಚ್ಚು ಜಮೀನು ಮುಳುಗಡೆಗೆ ಬೇಕು. ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ್ದಕ್ಕೆ 30 ಲಕ್ಷ ರೂಪಾಯಿ ಎಂದು 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ತೀರ್ಮಾನಿಸಿತು. ಆ ದುಡ್ಡು 9ನೇ ಕಾಲಮ್ಮಿನಲ್ಲಿ ಹೆಸರಿದ್ದವರ ಖಾತೆಗೆ ಹೋಗುತ್ತದೆ. ಅಲ್ಲಿ ಇನ್ನೂ ಅಜ್ಜನ ಹೆಸರೇ ಇದ್ದರೆ, ಹೊಲ ನೀರಾವರಿಯಾಗಿ ಇಪ್ಪತ್ತು ವರ್ಷವಾದರೂ ಉತಾರದಲ್ಲಿ ಖುಷ್ಕಿ ಎಂದೇ ಇದ್ದರೆ, ಎಕರೆಗೆ ಹತ್ತು ಲಕ್ಷದ ಫರಕು. ಬೀಳಗಿ, ಜಮಖಂಡಿ, ಮುಧೋಳ ಕಡೆಯ ದಂಡೆಯ ಊರುಗಳಲ್ಲಿ ನಿಮಗೆ ಬೀಗರು ನೆಂಟರು ಇದ್ದರೆ, ನೋಟಿಸು ಬರುವ ಮೊದಲೇ ಉತಾರ ತೆಗೆಸಿ ಹೆಸರಿನ 9ನೇ ಕಾಲಮ್ಮು, ಬೆಳೆಯ 12ನೇ ಕಾಲಮ್ಮು ಎರಡನ್ನೂ ಓದಿ ನೋಡಲು ಹೇಳಿ. ಪ್ರತಿ ತೆಗೆಸಲು ಐದು ನಿಮಿಷ ಸಾಕು. ತಿದ್ದಿಸಲು ಎಷ್ಟು ಹಿಡಿಯುತ್ತದೆ ಎಂಬುದು ನಿಮಗೆ ಗೊತ್ತೇ ಇದೆ.